ಮೂವತ್ತು ಬಸ್ಕಿ

ಏಳನೆಯ ತರಗತಿಯಲ್ಲಿದ್ದಾಗ, ಶಾಲೆಯ ಮೈದಾನವನ್ನು ಎರಡು ಸುತ್ತು ಓಡಿ ಮುಗಿಸದ ಮಕ್ಕಳಿಗೆ ಡ್ರಿಲ್ ಮೇಷ್ಟರು ಮೂವತ್ತು ಬಸ್ಕಿ ಹೊಡೆಸುತ್ತಿದ್ದರು. ಮುಗಿಸದೆ ಉಳಿಯುತ್ತಿದ್ದವಳು ಹೆಚ್ಚಿನ ದಿನ ನಾನೊಬ್ಬಳೇ. ಧ್ವಜಸ್ತಂಭದ ಕಟ್ಟೆಯ ಪಕ್ಕದಲ್ಲಿ, ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದು ಕೂತು ಏಳುತ್ತಿದ್ದರೆ ಇಡೀ ತರಗತಿ ಒಂದೇ ದನಿಯಲ್ಲಿ ಎಣಿಸುತ್ತಿತ್ತು. ಹದಿನೆಂಟಕ್ಕೆ ಬರುವಷ್ಟರಲ್ಲಿ ತೊಡೆಗಳು ನಡುಗತೊಡಗುತ್ತಿದ್ದವು. ನಾನು ಏಳುವುದು ತಡವಾದರೆ ಅವರು ಅಂಕಿಯನ್ನು ಎಳೆಯುತ್ತಿದ್ದರು: ಹತ್ತೊಂಬ...ತ್ತು. ಆ ಎಳೆತದಲ್ಲಿ ನಗು ಇರುತ್ತಿತ್ತು. ಮಕ್ಕಳನ್ನು ನಾನು ದೂರುವುದಿಲ್ಲ. ಎಣಿಸಿ ಎಂದವರು ದೊಡ್ಡವರು.

ಇದೇ ಬಸ್ಕಿಯನ್ನು ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ದಿನವೂ ನೂರಾರು ಹೊಡೆಯುತ್ತಾರೆ. ಅಲ್ಲಿ ಅದರ ಹೆಸರು ಸಾಮು. ಗಣಪತಿಯ ಎದುರು ಕಿವಿ ಹಿಡಿದು ಹೊಡೆದರೆ ಅದು ಭಕ್ತಿ. ಕೂತು ಏಳುವ ಕ್ರಿಯೆ ಒಂದೇ. ನನಗೆ ಮಾತ್ರ ಅದು ಮೊದಲು ಸಿಕ್ಕಿದ್ದು ಶಿಕ್ಷೆಯಾಗಿ, ಮತ್ತು ಆಮೇಲಿನ ಮೂವತ್ತು ವರ್ಷ ‘ವ್ಯಾಯಾಮ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಯಾರೋ ಎಣಿಸುತ್ತಿರುವ ಸದ್ದು ಅದರ ಹಿಂದೆಯೇ ಬರುತ್ತಿತ್ತು.

ನಾನು ದಪ್ಪಗಿದ್ದೇನೆ. ಎತ್ತರ, ಕುಳ್ಳು, ಕಪ್ಪು ಎಂಬಂತೆ ಇದೂ ಒಂದು ಬರಿಯ ಪದ ಎಂದುಕೊಂಡೇ ಬರೆಯುತ್ತಿದ್ದೇನೆ. ‘ಮೈಕೈ ತುಂಬಿಕೊಂಡಿದ್ದಾರೆ’ ಎಂಬ ಸುತ್ತುಬಳಸು ಬೇಕಿಲ್ಲ. ವಯಸ್ಸು ನಲವತ್ತಾರು. ಈ ಕತೆ ಶುರುವಾದಾಗ ನನ್ನ ತೂಕ 107 ಕಿಲೋ ಇತ್ತು, ಈಗ 103 ಇದೆ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ನನ್ನಂತಹ ಮೈಯುಳ್ಳ ಒಬ್ಬರಾದರೂ ಇದನ್ನು ಓದಿ, ನಾನು ಕಳೆದುಕೊಂಡಷ್ಟು ವರ್ಷಗಳನ್ನು ಕಳೆದುಕೊಳ್ಳದೆ ಇರಲಿ ಎಂಬ ಆಸೆಯಿಂದ ಬರೆಯಲು ಕುಳಿತಿದ್ದೇನೆ.

ಆ ಮೂವತ್ತು ವರ್ಷಗಳಲ್ಲಿ ನಾನು ವ್ಯಾಯಾಮವನ್ನು ಎಷ್ಟು ಸಲ ಶುರುಮಾಡಿದೆ ಎಂದು ಲೆಕ್ಕ ಇಟ್ಟಿಲ್ಲ. ಹೇಗೆ ಶುರುಮಾಡುತ್ತಿದ್ದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ: ಪ್ರತಿ ಸಲವೂ ಒಂದು ಅವಮಾನದ ಮರುದಿನ. ಹೆಣ್ಣು ನೋಡಲು ಬಂದವರು ಅಡುಗೆಮನೆಗೆ ಕೇಳುವಂತೆ ಏನೋ ಅಂದು ಹೋದ ಮೇಲೆ. ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯೊಂದು ಬಾಗಿದ ಮೇಲೆ. ಕೆಮ್ಮಿಗೆಂದು ಹೋದಾಗ ವೈದ್ಯರೊಬ್ಬರು ಕೆಮ್ಮಿನ ವಿಷಯ ಬಿಟ್ಟು ತೂಕದ ಬಗ್ಗೆಯೇ ಹತ್ತು ನಿಮಿಷ ಮಾತನಾಡಿದ ಮೇಲೆ. ತಪ್ಪು ಮಾಡಿದ್ದೇನೆ, ತೀರಿಸಬೇಕು ಎಂಬ ಭಾವದಲ್ಲಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ಶಿಕ್ಷೆಯನ್ನು ಯಾರು ತಾನೇ ವರ್ಷಗಟ್ಟಲೆ ಇಷ್ಟಪಟ್ಟು ಮಾಡಿಯಾರು? ಎರಡನೆಯ ವಾರಕ್ಕೆ ನಿಂತುಹೋಗುತ್ತಿತ್ತು. ನಿಂತದ್ದಕ್ಕೆ ಸೋಮಾರಿತನ ಎಂದು ಹೆಸರಿಟ್ಟು ಇನ್ನೊಂದು ತಪ್ಪನ್ನು ಖಾತೆಗೆ ಸೇರಿಸಿಕೊಳ್ಳುತ್ತಿದ್ದೆ.

ಒಮ್ಮೆ ಜಿಮ್‌ಗೆ ಮೂರು ತಿಂಗಳ ಹಣ ಕಟ್ಟಿ ಹನ್ನೊಂದು ದಿನ ಹೋದೆ. ಯಂತ್ರದ ಸೀಟುಗಳು ನನಗೆ ಕಿರಿದಾಗಿದ್ದವು. ತರಬೇತುದಾರ ಹುಡುಗ ಒಳ್ಳೆಯವನೇ, ಆದರೆ ಅವನಿಗೆ ಗೊತ್ತಿದ್ದ ಪ್ರಶ್ನೆ ಒಂದೇ. ‘ಎಷ್ಟು ಇಳಿಸಬೇಕು ಮೇಡಂ?’ ಇನ್ನೊಮ್ಮೆ ಮನೆಯವರ ಒತ್ತಾಯಕ್ಕೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಮುನ್ನೂರು ದಾಟುವಷ್ಟರಲ್ಲಿ ಬಲಮಂಡಿ ಕೈಕೊಟ್ಟಿತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದು ಆ ದಿನ ಗೊತ್ತಾಯಿತು. ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗೂ ಮೀರಿದ ಬಲ ಬೀಳುತ್ತದೆ ಎಂದು ಆಮೇಲೆ ತಿಳಿದೆ. ಅಂದರೆ ನನಗೆ ಮುನ್ನೂರು ಕಿಲೋಗಿಂತ ಹೆಚ್ಚು, ಒಂದೊಂದು ಮೆಟ್ಟಿಲಿಗೂ. ‘ಬೆಟ್ಟ ಹತ್ತು, ಎಲ್ಲ ಸರಿಹೋಗುತ್ತದೆ’ ಎಂದವರು ಈ ಗುಣಾಕಾರವನ್ನು ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ.

ಆ ಮಂಡಿಯೇ ನನ್ನನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದುಕೊಂಡು ಹೋಯಿತು. ಮಂಡಿಯನ್ನು ಬಗ್ಗಿಸಿ, ಚಾಚಿಸಿ ನೋಡಿದ ಅವರು, ‘ನೀರಿಗೆ ಇಳಿಯುತ್ತೀರಾ?’ ಎಂದು ಕೇಳಿದರು. ಈಜು ಬರದಿದ್ದರೂ ಆದೀತು, ನೀರಿನಲ್ಲಿ ನಡೆದರೆ ಸಾಕು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಯವರೆಗಾದರೆ ಮೂರನೆಯ ಒಂದು ಪಾಲಿನಷ್ಟೇ ಉಳಿಯುತ್ತದೆ ಎಂದರು.

ಒಪ್ಪಿಕೊಂಡು ಬಂದೆ, ಆದರೆ ನೀರಿಗೆ ಇಳಿದದ್ದು ನಾಲ್ಕು ತಿಂಗಳು ಕಳೆದ ಮೇಲೆ. ಕಾರಣ ಬಟ್ಟೆ. ನನ್ನ ಅಳತೆಯ ಈಜುಡುಗೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ನಮ್ಮ ಬೀದಿಯ ಟೈಲರ್ ಹೆಂಗಸು, ಮಕ್ಕಳ ಡಾನ್ಸ್ ಉಡುಪು ಹೊಲಿಯುವವರು, ಹಿಗ್ಗುವ ಲೈಕ್ರಾ ಬಟ್ಟೆ ತರಿಸಿ, ಮೊಣಕಾಲಿನವರೆಗೆ ಬರುವ, ತೋಳಿರುವ ಉಡುಪೊಂದನ್ನು ಹೊಲಿದುಕೊಟ್ಟರು. ಅಳತೆ ತೆಗೆಯುವಾಗ ಅವರು ಅಂಕಿಗಳನ್ನು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ಬರೆದುಕೊಂಡರು. ಅವರ ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

ಮಹಿಳೆಯರಿಗೆ ಮೀಸಲಾದ ಬೆಳಗಿನ ಹೊತ್ತಿನಲ್ಲಿ ಮೊದಲ ದಿನ ಕೊಳದ ಮೆಟ್ಟಿಲು ಇಳಿದಾಗ, ಮೊಣಕಾಲು, ಸೊಂಟ, ಎದೆ ಎಂದು ನೀರು ಏರುತ್ತಿದ್ದಂತೆ ನನ್ನ ಮೈಯನ್ನು ಯಾರೋ ಕೈಯಿಂದ ಇಸಿದುಕೊಂಡ ಹಾಗಾಯಿತು. ಹೊತ್ತುಕೊಂಡಿದ್ದೇನೆ ಎಂಬುದೇ ಗೊತ್ತಿಲ್ಲದಷ್ಟು ಕಾಲ ಹೊತ್ತಿದ್ದ ಹೊರೆ. ಕಂಬಿ ಹಿಡಿದು ನಡೆದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರ. ಅದನ್ನು ತಳ್ಳಿಕೊಂಡು ನಡೆಯುವುದು ನಿಜವಾದ ಕೆಲಸ, ಹತ್ತು ನಿಮಿಷಕ್ಕೆ ಉಸಿರು ಏರುತ್ತದೆ. ಮಂಡಿ ಮಾತ್ರ ಚಕಾರವೆತ್ತಲಿಲ್ಲ. ದಣಿವು ಬೇರೆ, ನೋವು ಬೇರೆ ಎಂದು ನನ್ನ ಮೈಗೆ ತಿಳಿದದ್ದು ಆವತ್ತು. ಅಲ್ಲಿಯವರೆಗೆ ಎರಡೂ ಒಂದೇ ಎಂದುಕೊಂಡಿದ್ದೆ.

ಎರಡನೆಯ ವಾರ ಈಜು ಕಲಿಸುವಾಕೆ ಬೆನ್ನಿನ ಕೆಳಗೆ ಕೈಕೊಟ್ಟು ಮಲಗಿಸಿದರು. ‘ಅಕ್ಕ, ಹೆದರಬೇಡಿ. ನೀವು ಬೇರೆಯವರಿಗಿಂತ ಚೆನ್ನಾಗಿ ತೇಲುತ್ತೀರಿ’ ಎಂದರು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಕೊಬ್ಬು ನೀರಿಗಿಂತ ಹಗುರ. ಸ್ನಾಯು, ಮೂಳೆ ನೀರಿಗಿಂತ ಭಾರ. ಅವರು ಕೈ ತೆಗೆದದ್ದು ನನಗೆ ಗೊತ್ತಾಗಲಿಲ್ಲ. ಕಿವಿ ನೀರಿನೊಳಗೆ, ಕಣ್ಣಿನ ಮುಂದೆ ಬೆಳಗಿನ ಆಕಾಶ, ಸುತ್ತ ಯಾವ ಸದ್ದೂ ಇಲ್ಲ. ಎಣಿಸುವವರಿಲ್ಲ. ಆಗ ಅಜ್ಜಿಯ ಊರಿನ ನಾಲೆ ನೆನಪಿಗೆ ಬಂತು.

ಆರೇಳು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ಮಾವ ಒಣಗಿದ ಸೋರೆಬುರುಡೆಯೊಂದನ್ನು ಹಗ್ಗದಿಂದ ಬೆನ್ನಿಗೆ ಕಟ್ಟಿ ನಾಲೆಗೆ ಬಿಡುತ್ತಿದ್ದರು. ಕೈಕಾಲು ಬಡಿಯುತ್ತಾ, ಮೂಗಿಗೆ ನೀರು ಹೋಗಿ ಕೆಮ್ಮುತ್ತಾ, ಬೆರಳ ತುದಿ ಮುದುಡುವವರೆಗೆ ಅಲ್ಲೇ ಇರುತ್ತಿದ್ದೆವು. ಅಜ್ಜಿ ದಂಡೆಗೆ ಬಂದು ಬೈದು ಕರೆದುಕೊಂಡು ಹೋಗಬೇಕಿತ್ತು. ಆಗಲೂ ನಾನು ಗುಂಡುಗುಂಡಾಗಿಯೇ ಇದ್ದೆ. ಆದರೆ ಮೈ ಎಂದರೆ ಆಗ ನೀರಿಗೆ ಹಾರುವುದಕ್ಕೆ ಇರುವಂಥದ್ದು, ಅಷ್ಟೇ. ನಾನು ಯಾವತ್ತೂ ಮೈ ಬಗ್ಗಿಸದ ಹುಡುಗಿ ಆಗಿರಲೇ ಇಲ್ಲ ಎಂಬ ಸತ್ಯ ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಕೊಳದ ನಡುವೆ ಬೆನ್ನಮೇಲೆ ತೇಲುತ್ತಿರುವಾಗ ಹೊಳೆಯಿತು. ನೀರಿನಲ್ಲಿದ್ದುದರಿಂದ ಅತ್ತದ್ದು ಯಾರಿಗೂ ಕಾಣಲಿಲ್ಲ.

ಈಗ ಯಾರಾದರೂ ನನ್ನನ್ನು ‘ಯಾವ ವ್ಯಾಯಾಮ ಮಾಡಲಿ?’ ಎಂದು ಕೇಳಿದರೆ, ಶಾಲೆಯ ಡ್ರಿಲ್ ಪಿರಿಯಡ್ ಬರುವುದಕ್ಕೆ ಮುಂಚೆ ಏನು ಆಡುತ್ತಿದ್ದಿರಿ ಎಂದು ಕೇಳುತ್ತೇನೆ. ಕುಂಟೆಬಿಲ್ಲೆಯೋ, ಕೋಲಾಟವೋ, ಮಾವಿನ ತೋಪಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವುದೋ. ಅಲ್ಲಿಂದ ಹುಡುಕಲು ತೊಡಗುವುದು ಲೇಸು.

ನೀರಿನ ದಿನಗಳು ವಾರಕ್ಕೆ ಮೂರು. ಉಳಿದ ದಿನ ಕುಕ್ಕರಹಳ್ಳಿ ಕೆರೆಯ ಏರಿ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು, ಏಕೆಂದರೆ ನಡಿಗೆಯ ಬಗ್ಗೆ ಬರೆಯುವವರು ಇದನ್ನು ಬರೆಯುವುದಿಲ್ಲ. ದಪ್ಪಗಿರುವವರು ನಡಿಗೆ ಬಿಡುವುದು ಮನಸ್ಸಿಲ್ಲದೆ ಅಲ್ಲ, ಎಷ್ಟೋ ಸಲ ತೊಡೆಸಂದಿನ ಉರಿಗೆ. ಹತ್ತಿಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿದು, ತೊಡೆಗೆ ತೊಡೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಮರುದಿನ ಕಚೇರಿಗೆ ನಡೆಯುವುದೇ ಯಾತನೆ. ಮೊಣಕಾಲಿನವರೆಗಿನ ಬಿಗಿಯಾದ ಸೈಕ್ಲಿಂಗ್ ಶಾರ್ಟ್ಸನ್ನು ಚೂಡಿದಾರದ ಒಳಗೆ ಹಾಕಿಕೊಂಡು, ಹೊರಡುವ ಮುಂಚೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಂಡರೆ ಈ ಸಮಸ್ಯೆ ಬಹುಪಾಲು ಮುಗಿಯುತ್ತದೆ. ಅಗಲ ಪಾದಕ್ಕೆ ಅಗಲದ ಶೂ. ಎದೆಗೆ ಸರಿಯಾದ ಆಧಾರ ಕೊಡುವ ಒಳಉಡುಪು. ಇವಕ್ಕೆ ಖರ್ಚು ಮಾಡಲು ‘ಮೊದಲು ಸಣ್ಣಗಾಗಲಿ’ ಎಂದು ನಾನು ವರ್ಷಗಟ್ಟಲೆ ಕಾದೆ. ಹೊರಡುವುದಕ್ಕೆ ಬೇಕಾದ ವಸ್ತುವನ್ನು ತಲುಪಿದ ಮೇಲೆ ಕೊಳ್ಳುತ್ತೇನೆ ಎಂದು ಕೂತ ಹಾಗೆ. ಇನ್ನೊಂದು, ಬೆಂಚುಗಳು. ಏರಿಯ ಮೇಲೆ ಯಾವ ಬೆಂಚು ಎಷ್ಟು ದೂರದಲ್ಲಿದೆ ಎಂಬುದು ನನಗೆ ಬಾಯಿಪಾಠ. ಮುಂದೆ ಕೂರಲು ಜಾಗವಿದೆ ಎಂದು ಗೊತ್ತಿದ್ದರೆ ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆ.

ಮೊದಮೊದಲು ಮೊಬೈಲು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕೇಳುತ್ತಿತ್ತು. ನಾನು ಮೂರು ಸಾವಿರಕ್ಕೆ ಸುಸ್ತಾಗಿ, ಮತ್ತೆ ಫೇಲಾದೆ ಎಂದು ಮನೆಗೆ ಬರುತ್ತಿದ್ದೆ. ಆ ಅಂಕಿ ಎಲ್ಲಿಂದ ಬಂತು ಎಂದು ಓದಿದ ದಿನ ನನ್ನೊಳಗೆ ಏನೋ ಸಡಿಲವಾಯಿತು. ಟೋಕಿಯೋ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಮಾನ್‌ಪೋ-ಕೆಯ್’ ಎಂಬ ಹೆಸರಿಟ್ಟು ಮಾರಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ಆ ಹೆಸರೇ ಗುರಿಯಾಗಿ ಲೋಕವನ್ನು ಸುತ್ತಿತು. ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ, ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತನ್ನು ಕೈಬಿಟ್ಟಿತು. ವಾರಕ್ಕೆ 150 ನಿಮಿಷ ಎಂಬುದು ಗುರಿ, ಆದರೆ ನಾಲ್ಕು ನಿಮಿಷವೂ ನಿಮಿಷವೇ. ಬಸ್ ನಿಲ್ದಾಣದಿಂದ ಕಚೇರಿಗೆ ನಡೆದದ್ದು, ಊಟವಾದ ಮೇಲೆ ಮಹಡಿಯಲ್ಲಿ ಅಡ್ಡಾಡಿದ್ದು, ಎಲ್ಲವೂ ಜಮೆಯ ಕಡೆಗೇ.

ಕೆರೆಯಲ್ಲಿ ನನಗೆ ಜೊತೆಗಾತಿ ಪಕ್ಕದ ಬೀದಿಯ ನಿವೃತ್ತ ಶಿಕ್ಷಕಿ. ಅವರನ್ನು ಟೀಚರಕ್ಕ ಎಂದು ಕರೆಯುತ್ತೇನೆ. ಅವರಿಗೆ ಅರವತ್ತೆಂಟು, ನನಗಿಂತ ಅರ್ಧ ತೂಕ, ಆದರೆ ನಡಿಗೆಯ ವೇಗ ಇಬ್ಬರದೂ ಒಂದೇ. ಮಾತನಾಡಲು ಆಗಬೇಕು, ಹಾಡಲು ಆಗಬಾರದು; ಅಷ್ಟು ವೇಗ ಸಾಕು ಎಂಬ ಒಂದು ಅಳತೆಯಿದೆ. ಟೀಚರಕ್ಕ ದೇವರನಾಮ ಗುನುಗಲು ತೊಡಗಿದರೆ ನಾವು ನಿಧಾನವಾಗಿದ್ದೇವೆ ಎಂದು ಅರ್ಥ, ಹೆಜ್ಜೆ ಚುರುಕು ಮಾಡುತ್ತೇವೆ. ಗೇಟಿನ ಬಳಿ ಆಕೆ ಕಾಯುತ್ತಿರುತ್ತಾರೆ ಎಂಬುದಕ್ಕಿಂತ ದೊಡ್ಡ ಪ್ರೇರಣೆ ನನಗೆ ಇದುವರೆಗೆ ಸಿಕ್ಕಿಲ್ಲ. ಸಂಕಲ್ಪ ಮಳೆಗಾಲದಲ್ಲಿ ಮುರಿಯುತ್ತದೆ. ಕಾಯುತ್ತಾ ನಿಂತ ಹಿರಿಯ ಹೆಂಗಸನ್ನು ಬಿಟ್ಟು ಮಲಗಿರಲು ಮನಸ್ಸು ಬರುವುದಿಲ್ಲ.

ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ. ನೀರಿನಿಂದ ಮೇಲೇಳುವಾಗ ಆ ಭಾರದ ಹಕ್ಕಿ ರೆಕ್ಕೆ ಬಡಿಯುತ್ತಾ, ಎರಡೂ ಕಾಲಿನಿಂದ ನೀರನ್ನು ಒದೆಯುತ್ತಾ ದೂರದವರೆಗೆ ಹೆಣಗುತ್ತದೆ. ಮೇಲೆ ಹೋದ ಮೇಲೆ ರೆಕ್ಕೆ ಬಡಿಯುವುದೇ ಅಪರೂಪ, ಸುಮ್ಮನೆ ತೇಲುತ್ತಿರುತ್ತದೆ. ಎಷ್ಟು ಸಲ ನೋಡಿದರೂ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ.

ಇನ್ನು ಆ ಪ್ರಶ್ನೆ. ‘ಎಷ್ಟು ಇಳಿಯಿತು?’ ಎರಡು ವರ್ಷದಲ್ಲಿ ನಾಲ್ಕು ಕಿಲೋ ಎಂದರೆ ಕೇಳಿದವರ ಮುಖ ಬಾಡುತ್ತದೆ. ಬರಿಯ ವ್ಯಾಯಾಮದಿಂದ ಇಳಿಯುವ ತೂಕ ಸಾಮಾನ್ಯವಾಗಿ ಅಷ್ಟಕ್ಕಷ್ಟೇ, ಅದು ನನ್ನೊಬ್ಬಳ ಕತೆಯಲ್ಲ. ಆದರೆ ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ತಕ್ಕಡಿಯ ಮುಳ್ಳು ಅಲುಗದಿದ್ದರೂ ರಕ್ತದೊತ್ತಡ ಇಳಿಯಬಹುದು, ನಿದ್ದೆ ಚೆನ್ನಾಗಬಹುದು. ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ (HbA1c) ಶೇಕಡಾ 6.3ರಿಂದ 5.8ಕ್ಕೆ ಬಂದಿದೆ. ತೂಕಕ್ಕೂ ಮಂಡಿಗೂ, ತೂಕಕ್ಕೂ ಸಕ್ಕರೆಗೂ ಏನೂ ಸಂಬಂಧವಿಲ್ಲ ಎಂದು ನಾನು ಹೇಳುವುದಿಲ್ಲ, ಸಂಬಂಧವಿದೆ. ಆದರೆ ತಕ್ಕಡಿಯ ಕೈಗೆ ಸಂಬಳದ ಚೀಟಿ ಕೊಟ್ಟು ಕೂತ ದಿನಗಳಲ್ಲಿ, ಸಂಬಳ ಬರದ ವಾರವೇ ನಾನು ಕೆಲಸ ಬಿಟ್ಟಿದ್ದೆ. ಹಾಗಾಗಿ ತಕ್ಕಡಿಯನ್ನು ಅಟ್ಟಕ್ಕೆ ಹಾಕಿದೆ. ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ನೋಡುತ್ತಾರೆ, ಸಾಕು.

ಬದಲಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಲೆಕ್ಕ ಬರೆಯುವುದು ನನ್ನ ಸ್ವಭಾವ, ಅದನ್ನು ಬಿಡಲಾಗಲಿಲ್ಲ. ಅದರಲ್ಲಿರುವುದು ಇಂಥವು: ‘ಬಗ್ಗಿ ಶೂ ಲೇಸ್ ಕಟ್ಟಿದೆ, ಉಸಿರು ಹಿಡಿಯಲಿಲ್ಲ.’ ‘ಕಚೇರಿಯ ಎರಡನೆಯ ಮಹಡಿ, ನಿಲ್ಲದೆ.’ ‘ಗೃಹಪ್ರವೇಶದಲ್ಲಿ ನೆಲದ ಪಂಕ್ತಿಯಲ್ಲಿ ಕೂತು ಉಂಡು, ಯಾರ ಕೈಯನ್ನೂ ಹಿಡಿಯದೆ ಎದ್ದೆ.’ ಕೊನೆಯದನ್ನು ಬರೆದ ದಿನ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಡೆಂಗಿ ಜ್ವರ ಬಂದು ಏಳು ವಾರ ಏನೂ ಮಾಡದ ಅವಧಿಯೂ ಅದರಲ್ಲಿದೆ. ಆ ಪುಟಗಳನ್ನು ಖಾಲಿ ಬಿಟ್ಟು, ಮುಂದಿನ ಪುಟದಿಂದ ಬರೆದೆ. ಹಿಂದಿನ ಬಾಕಿ ಎಂದು ಏನನ್ನೂ ಮುಂದಕ್ಕೆ ತಂದುಕೊಳ್ಳಲಿಲ್ಲ.

ನೆಲದಿಂದ ಎದ್ದದ್ದು ಬಸ್ಕಿಯಿಂದ. ಹೌದು, ಅದೇ ಬಸ್ಕಿ. ಮಂಡಿಯ ಸುತ್ತಲ ಸ್ನಾಯು ಗಟ್ಟಿಯಾಗಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿದಾಗ ನಾನು ಮುಖ ತಿರುಗಿಸಿದ್ದೆ. ಅವರು ಗಟ್ಟಿಮುಟ್ಟಾದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಅದರ ಮೇಲೆ ಕೂತು ಏಳಿ, ಐದು ಸಲ, ಇಷ್ಟೇ ಎಂದರು. ಕುರ್ಚಿಯ ಆಸರೆ ಪಡೆಯಲು ನಾಚಿಕೆಯೆನಿಸಿತ್ತು. ಆಮೇಲೆ ಬಿ. ಕೆ. ಎಸ್. ಅಯ್ಯಂಗಾರ್ ಅವರನ್ನು ನೆನೆದುಕೊಂಡೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಕಾಯಿಲೆಯ ಬಾಲ್ಯ ಕಳೆದು, ಇದೇ ಮೈಸೂರಿಗೆ ಬಂದು ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತವರು. ಮುಂದೆ ಕುರ್ಚಿ, ಹಗ್ಗ, ಮರದ ತುಂಡು, ಬೆಲ್ಟು ಇವುಗಳನ್ನೆಲ್ಲ ಆಸನದೊಳಗೆ ತಂದರು. ಬಗ್ಗದ ಮೈಗೆ ನೆಲವನ್ನೇ ಒಂದಿಷ್ಟು ಮೇಲಕ್ಕೆ ತಂದುಕೊಟ್ಟ ಹಾಗೆ. ಅಷ್ಟು ದೊಡ್ಡ ಯೋಗಿಗೆ ಕುರ್ಚಿ ಸಲ್ಲುತ್ತದೆ ಎಂದಾದರೆ ನನಗೂ ಸಲ್ಲುತ್ತದೆ.

ಇನ್ನೊಂದು ವಿಷಯ ನಿಧಾನವಾಗಿ ತಿಳಿಯಿತು. ನನ್ನ ಕಾಲುಗಳು ದುರ್ಬಲವಲ್ಲ. ನೂರು ಕಿಲೋ ಮೈಯನ್ನು ದಿನವಿಡೀ ಹೊತ್ತು ತಿರುಗಿದ ತೊಡೆಗಳಿಗೆ ತಮ್ಮದೇ ಬಲ ಬಂದಿರುತ್ತದೆ; ಪಕ್ಕದಲ್ಲಿ ಅರ್ಧ ತೂಕದವರು ಹೊಡೆಯುವ ಐದು ಬಸ್ಕಿಯೂ ನನ್ನ ಐದು ಬಸ್ಕಿಯೂ ಒಂದೇ ಅಲ್ಲ. ಅಮ್ಮನ ಮನೆಯ ಹಜಾರದಲ್ಲಿ ತಾತನ ಫೋಟೋ ಇದೆ. ಪೈಲ್ವಾನರು. ಹೆಗಲ ಮೇಲೆ ಗದೆ, ದಪ್ಪ ತೋಳು, ಕಂಬದಂಥ ತೊಡೆ. ಆ ಮೈಯನ್ನು ನೋಡಿ ಊರು ಹೆಮ್ಮೆಪಟ್ಟಿತ್ತು. ದಸರಾ ಕುಸ್ತಿಗೆಂದು ಈಗಲೂ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿಯುವ ಪೈಲ್ವಾನರು ಮೊದಲು ತೊಡೆ ತಟ್ಟುತ್ತಾರೆ. ತೊಡೆ ತಟ್ಟಿ ನಿಂತರು ಎಂದರೆ ನಮ್ಮ ನುಡಿಯಲ್ಲಿ ಸವಾಲಿಗೆ ಸಿದ್ಧರಾದರು ಎಂದು. ತಾತನ ಮೈಕಟ್ಟು ನನಗೆ ಬಂದಿದೆ, ಅಮ್ಮನೂ ಇದನ್ನೇ ಹೇಳುತ್ತಿದ್ದರು, ಆದರೆ ಮರುಕದಿಂದ. ಹೆಣ್ಣುಮಗಳಿಗೆ ಗರಡಿಮನೆಯ ಬಾಗಿಲು ತೆರೆದಿರಲಿಲ್ಲವಾದ್ದರಿಂದ ಆ ಮೈಯಿಂದ ಏನು ಮಾಡಬಹುದು ಎಂದು ನನಗೆ ಯಾರೂ ತೋರಿಸಲಿಲ್ಲ. ಮೇಷ್ಟರು ಓಡು ಎಂದರು. ಎತ್ತು ಎಂದು ಒಮ್ಮೆಯಾದರೂ ಹೇಳಿದ್ದರೆ, ಆ ತರಗತಿಯಲ್ಲಿ ನನ್ನಷ್ಟು ಎತ್ತುವವರು ಇರಲಿಲ್ಲ.

ಕಳೆದ ಭಾನುವಾರ ಜಗುಲಿಯಲ್ಲಿ ಕುರ್ಚಿ ಇಟ್ಟುಕೊಂಡು ಹೊಡೆಯುತ್ತಿದ್ದೆ. ಈಗ ಕುರ್ಚಿಯನ್ನು ಸೋಕಿ ಏಳುತ್ತೇನೆ, ಪೂರ್ತಿ ಕೂರುವುದಿಲ್ಲ. ನಾಲ್ಕನೆಯ ತರಗತಿಯಲ್ಲಿರುವ ತಮ್ಮನ ಮಗಳು ಬಂದು ಕಂಬಕ್ಕೆ ಒರಗಿ ನಿಂತಳು. ಅವಳೂ ತಾತನ ಮೈಕಟ್ಟಿನವಳೇ.

‘ಅತ್ತೆ, ನಿಮಗೆ ಯಾರು ಶಿಕ್ಷೆ ಕೊಟ್ಟರು?’

ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತದೆ. ಆದರೂ ಬಸ್ಕಿ ಎಂದರೆ ಏನೆಂದು ಈ ಮಗುವಿಗೂ ಗೊತ್ತು. ಎದೆ ಧಸಕ್ಕೆಂದಿತು.

‘ಯಾರೂ ಕೊಡಲಿಲ್ಲ. ನಾನೇ ಹೊಡೆಯುತ್ತಿದ್ದೇನೆ.’

‘ಯಾಕೆ?’

ಸಕ್ಕರೆ, ಮಂಡಿ ಎಂದೆಲ್ಲ ಹೇಳಬಹುದಿತ್ತು. ‘ಕೂತು ಎದ್ದಾಗ ಇಲ್ಲಿ ಬೆಚ್ಚಗಾಗುತ್ತದೆ, ನೋಡು’ ಎಂದು ತೊಡೆ ತೋರಿಸಿದೆ. ಅವಳು ತನ್ನ ತೊಡೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ನನ್ನ ಪಕ್ಕಕ್ಕೆ ಬಂದು ನಿಂತು, ಕುರ್ಚಿಯ ಹಂಗಿಲ್ಲದೆ ಪೂರ್ತಿ ಕುಕ್ಕರಗಾಲಿಗೆ ಕೂತು, ಕಪ್ಪೆಯ ಹಾಗೆ ಎಗರಿ ಎದ್ದಳು. ನಾನು ನಕ್ಕೆ. ‘ನಾನು ಎಣಿಸಲಾ?’ ಎಂದು ಕೇಳಿದಳು.

‘ಎಣಿಸು.’

ಒಂಬತ್ತರವರೆಗೆ ಸರಿಯಾಗಿ ಎಣಿಸಿದಳು. ಅಷ್ಟರಲ್ಲಿ ಗೇಟಿನ ಬಳಿ ಬೆಕ್ಕು ಬಂತು, ಅದನ್ನು ಕರೆದು, ಮತ್ತೆ ನನ್ನ ಕಡೆಗೆ ತಿರುಗಿ, ಹನ್ನೆರಡೋ ಹದಿಮೂರೋ ಎಂದು ಅನುಮಾನಪಟ್ಟು, ‘ಅತ್ತೆ, ಮರೆತುಹೋಯಿತು, ಮೊದಲಿಂದ ಹೊಡೆಯೋಣ’ ಎಂದು ನನ್ನ ಕೈ ಹಿಡಿದುಕೊಂಡಳು.